ಮೂಳೆ ತಿನ್ನುವುದು ಕ್ರಿಮಿ ಮಾತ್ರವಲ್ಲ

ನಮ್ಮ ಚಿಕ್ಕಪ್ಪನ ಬಲಗಾಲಿನಲ್ಲಿ, ಮೊಣಕಾಲಿನ ಕೆಳಗೆ, ಒಂದು ಸಣ್ಣ ತೂತಿತ್ತು. ಕಡಲೆಕಾಳಿನಷ್ಟು ಅಗಲ. ಸುತ್ತಲಿನ ಚರ್ಮ ಕಪ್ಪಾಗಿ, ತೆಳ್ಳಗಾಗಿ, ಮೂಳೆಗೇ ಅಂಟಿಕೊಂಡಿತ್ತು. ಬೈಕಿನಿಂದ ಬಿದ್ದಾಗ ಮೂಳೆ ಮುರಿದು ಚರ್ಮ ಸೀಳಿ ಹೊರಗೆ ಬಂದಿತ್ತಂತೆ. ರಾಡ್ ಹಾಕಿದರು. ಮೂಳೆ ಕೂಡಿಕೊಂಡಿತು, ತೂತು ಮಾತ್ರ ಮುಚ್ಚಲಿಲ್ಲ. ಎರಡು ತಿಂಗಳು ಒಣಗಿರುತ್ತಿತ್ತು. ಆಮೇಲೆ ಒಂದು ರಾತ್ರಿ ಚಳಿಜ್ವರ, ಬೆಳಿಗ್ಗೆ ಎದ್ದರೆ ಪಂಚೆಯ ಮೇಲೆ ಹಳದಿ ಕಲೆ. ಚಿಕ್ಕಮ್ಮ ತೊಳೆದು, ಒರೆಸಿ, ಹೊಸ ಬಟ್ಟೆ ಕಟ್ಟುತ್ತಿದ್ದರು. ಹೀಗೇ ನಾಲ್ಕು ವರ್ಷ ನಡೆಯಿತು.

ಮೂರನೇ ಆಪರೇಷನ್ ಮುಗಿಸಿ ಹೊರಬಂದ ಸರ್ಜನ್ ನಮ್ಮನ್ನು ಕರೆದು ಸ್ಟೀಲ್ ಟ್ರೇಯಲ್ಲಿದ್ದ ಒಂದು ಚೂರನ್ನು ತೋರಿಸಿದರು. ಹೆಬ್ಬೆರಳಿನಷ್ಟು ಉದ್ದ. ಹಳೆಯ ದಂತದ ಬಣ್ಣ. ನಡುವೆ ನುಣುಪು, ಅಂಚು ಮಾತ್ರ ಗೆದ್ದಲು ಹಿಡಿದ ಹಲಗೆಯ ಹಾಗೆ ಕುಳಿ ಕುಳಿ. “ಇದು ಸತ್ತ ಮೂಳೆ, ನೋಡಿ, ಕೆರೆದರೂ ರಕ್ತ ಬರಲ್ಲ” ಅಂದರು. ಜೀವಂತ ಮೂಳೆಯನ್ನು ಕೆರೆದರೆ ಖಾರದಪುಡಿ ಉದುರಿಸಿದಂತೆ ಸಣ್ಣ ಸಣ್ಣ ಕೆಂಪು ಚುಕ್ಕೆ ಏಳುತ್ತವಂತೆ. ಅಂಥ ಚುಕ್ಕೆ ಕಾಣುವವರೆಗೂ ಅವರು ಕೆರೆಯುತ್ತಾ ಹೋಗುತ್ತಾರೆ. ಆಮೇಲೆ ಚಿಮಟದ ತುದಿಯಿಂದ ಅಂಚಿನ ಕುಳಿಗಳನ್ನು ಮುಟ್ಟಿ ಇನ್ನೊಂದು ಮಾತು ಹೇಳಿದರು. “ಇದನ್ನೆಲ್ಲ ಕ್ರಿಮಿ ತಿಂದಿದ್ದು ಅಂದುಕೊಳ್ಳಬೇಡಿ. ಜಾಸ್ತಿ ತಿಂದಿರೋದು ಇವರದೇ ಜೀವಕೋಶಗಳು.”

ಆ ಮಾತು ನನ್ನನ್ನು ಬಿಡಲೇ ಇಲ್ಲ. ನಮ್ಮ ಜೀವಕೋಶ ನಮ್ಮದೇ ಮೂಳೆಯನ್ನು ಯಾಕೆ ತಿನ್ನಬೇಕು? ಇದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಒಂದರ ಬಗ್ಗೆ ಕನ್ನಡದಲ್ಲಿ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಅದೇ ಇಮ್ಯೂನ್ ಕಾಂಪ್ಲೆಕ್ಸ್. ರೋಗಾಣುವಿನ ಚೂರುಗಳೂ, ಅವನ್ನು ಹಿಡಿಯಲು ನಮ್ಮ ದೇಹ ಮಾಡುವ ಪ್ರತಿಕಾಯಗಳೂ (ಆಂಟಿಬಾಡಿ) ಸೇರಿ ಕಟ್ಟಿಕೊಂಡ ಉಂಡೆ. ಈ ಲೇಖನ ಆ ಉಂಡೆಯ ಕಥೆ.

ಮೊದಲು ಮೂಳೆಯ ಸೋಂಕಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಡಾಕ್ಟರುಗಳು ಇದನ್ನು ಆಸ್ಟಿಯೊಮೈಲೈಟಿಸ್ ಅನ್ನುತ್ತಾರೆ. ಹೆಚ್ಚಿನ ಸಲ ಇದನ್ನು ತರುವುದು ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಸುಲಭಕ್ಕೆ ಸ್ಟ್ಯಾಫ್ ಅನ್ನೋಣ. ಸ್ಕಾಟ್ಲೆಂಡಿನ ಸರ್ಜನ್ ಅಲೆಕ್ಸಾಂಡರ್ ಆಗ್ಸ್ಟನ್ 1880ರ ಹೊತ್ತಿಗೆ ಕೀವಿನ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ದುಂಡಗಿನ ಕಣಗಳು ದ್ರಾಕ್ಷಿ ಗೊಂಚಲಿನಂತೆ ಕಂಡವು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿ ಗೊಂಚಲಿಗಿರುವ ಹೆಸರಿನಿಂದಲೇ ಅವರು ಅದಕ್ಕೆ ಹೆಸರಿಟ್ಟರು. ಅದೇ 1880ರಲ್ಲಿ ಲೂಯಿ ಪಾಶ್ಚರ್ ಚರ್ಮದ ಕುರುವಿನಲ್ಲೂ ಮೂಳೆಯ ಕೀವಿನಲ್ಲೂ ಒಂದೇ ಬಗೆಯ ಕ್ರಿಮಿಯನ್ನು ಕಂಡು, ಈ ಕಾಯಿಲೆ ಮೂಳೆಯ ಮಜ್ಜೆಯಲ್ಲಿ ಏಳುವ ಕುರು ಎಂದರು. ನೂರ ನಲವತ್ತು ವರ್ಷಗಳಾದರೂ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಚರ್ಮದ ಕುರು ಊದುತ್ತದೆ, ಹಣ್ಣಾಗುತ್ತದೆ, ಒಡೆಯುತ್ತದೆ, ವಾಸಿಯಾಗುತ್ತದೆ. ಚರ್ಮ ಹಿಗ್ಗುವುದರಿಂದ ಇದೆಲ್ಲ ಆಗುತ್ತದೆ. ಮೂಳೆ ಹಿಗ್ಗುವುದಿಲ್ಲ. ಒಳಗೆ ಕೀವು ತುಂಬಿದರೆ ಒತ್ತಡ ಏರುತ್ತದೆ, ಸಣ್ಣ ರಕ್ತನಾಳಗಳು ಹಿಸುಕಿಹೋಗುತ್ತವೆ, ರಕ್ತ ಸಿಗದ ಭಾಗ ಸಾಯುತ್ತದೆ. ಟ್ರೇಯಲ್ಲಿ ನಾವು ನೋಡಿದ ಚೂರು ಅಂಥದ್ದೇ. ರಕ್ತ ಹೋಗದ ಕಡೆಗೆ ಆಂಟಿಬಯೋಟಿಕ್ ಕೂಡ ಹೋಗುವುದಿಲ್ಲ.

ಕ್ರಿಮಿ ಮೂಳೆಗೆ ಹೋಗುವ ದಾರಿಗಳು ಹಲವು. ಮಕ್ಕಳಲ್ಲಿ ರಕ್ತದ ಮೂಲಕ ಬಂದು, ತೊಡೆ ಅಥವಾ ಮೊಣಕಾಲಿನ ಕೆಳಗಿನ ಉದ್ದ ಮೂಳೆಯ ಬೆಳೆಯುವ ತುದಿಯ ಹತ್ತಿರ ನೆಲೆಯೂರುತ್ತದೆ. ಅಲ್ಲಿ ರಕ್ತದ ಹರಿವು ನಿಧಾನ. ದೊಡ್ಡವರಲ್ಲಿ ಚಿಕ್ಕಪ್ಪನ ಹಾಗೆ ತೆರೆದ ಮುರಿತದಿಂದ, ಹಾಕಿದ ರಾಡು ಪ್ಲೇಟುಗಳಿಂದ, ಇಲ್ಲವೇ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನಿಂದ ಬರುತ್ತದೆ. ಸ್ಟ್ಯಾಫ್ ಎಲ್ಲಿಂದಲೋ ಬರುವ ಅಪರಿಚಿತನಲ್ಲ. ಆರೋಗ್ಯವಾಗಿರುವ ಸುಮಾರು 30% ಜನರ ಮೂಗಿನೊಳಗೆ ಅದು ಸುಮ್ನೆ ಕೂತಿರುತ್ತದೆ.

ಪುರಿ ಉಂಡೆಯ ಹದ

ಈಗ ಉಂಡೆಗೆ ಬರೋಣ.

ಪ್ರತಿಕಾಯ ನೋಡಲು ಕವೆಗೋಲಿನ ಹಾಗೆ ಇರುತ್ತದೆ. ಮೇಲೆ ಎರಡು ಕವಲು, ಕೆಳಗೆ ಒಂದು ಹಿಡಿ. ಕವಲುಗಳ ತುದಿ ರೋಗಾಣುವಿನ ಒಂದು ನಿರ್ದಿಷ್ಟ ಗುರುತಿಗೆ ಕಚ್ಚಿಕೊಳ್ಳುತ್ತದೆ. ಹಿಡಿ ಹೊರಗೆ ಚಾಚಿಕೊಂಡಿರುತ್ತದೆ. ಅಳತೆ ನೋಡಿ: ಸ್ಟ್ಯಾಫ್ ಕಣ ಸುಮಾರು ಒಂದು ಮೈಕ್ರಾನ್ ದಪ್ಪ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪ್ರತಿಕಾಯ ಅದರ ನೂರನೇ ಒಂದು ಪಾಲು. ಒಂದು ಕ್ರಿಮಿಯ ಮೈಮೇಲೆ ಸಾವಿರಾರು ಕವೆಗೋಲುಗಳು ನೆಟ್ಟುಕೊಳ್ಳಲು ಜಾಗವಿದೆ.

ಕ್ರಿಮಿ ಇಡಿಯಾಗಿಯೇ ಇರಬೇಕಂತಿಲ್ಲ. ಅದು ಉಗುಳುವ ವಿಷ, ಸತ್ತ ಕ್ರಿಮಿಯ ಗೋಡೆಯ ಚೂರು, ಯಾವುದಾದರೂ ಸರಿ, ಪ್ರತಿಕಾಯ ಹಿಡಿಯುತ್ತದೆ. ಪ್ರತಿ ಪ್ರತಿಕಾಯಕ್ಕೂ ಎರಡು ಕವಲು, ಪ್ರತಿ ಚೂರಿಗೂ ಹಲವು ಗುರುತು. ಹಾಗಾಗಿ ಒಂದಕ್ಕೊಂದು ಹೆಣೆದುಕೊಂಡು ಉಂಡೆಯಾಗುತ್ತದೆ.

ಪುರಿ ಉಂಡೆ ಮಾಡಿದವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ಬೆಲ್ಲದ ಪಾಕ ಹದವಾಗಿ ಬಿದ್ದರೆ ಕೈಗೆ ದೊಡ್ಡ ಗಟ್ಟಿ ಉಂಡೆ ಬರುತ್ತದೆ. ಪುರಿ ಜಾಸ್ತಿಯಾಗಿ ಪಾಕ ಸಾಲದೆ ಹೋದರೆ ಉಂಡೆ ನಿಲ್ಲುವುದಿಲ್ಲ, ಎರಡು ಮೂರು ಕಾಳು ಅಂಟಿದ ಸಣ್ಣ ಮುದ್ದೆಗಳಾಗಿ ಉದುರುತ್ತದೆ. ಇಲ್ಲೂ ಹಾಗೇ. ರೋಗಾಣುವಿನ ಚೂರು ಪುರಿ, ಪ್ರತಿಕಾಯ ಪಾಕ. ಎರಡೂ ಸಮ ಇದ್ದರೆ ದೊಡ್ಡ ಉಂಡೆ. ಅದನ್ನು ದೇಹ ಸುಲಭವಾಗಿ ಗುರುತಿಸಿ, ಹಿಡಿದು, ಕರಗಿಸುತ್ತದೆ. ಚೂರುಗಳು ಜಾಸ್ತಿಯಾದಾಗ ಸಣ್ಣ ಉಂಡೆಗಳಾಗುತ್ತವೆ. ಅವು ಯಾರ ಕೈಗೂ ಬೇಗ ಸಿಗದೆ ರಕ್ತದಲ್ಲಿ ಸುತ್ತುತ್ತಾ ಇರುತ್ತವೆ. ತೊಂದರೆ ಕೊಡುವವು ಹೆಚ್ಚಾಗಿ ಇವೇ.

ಸಾಮಾನ್ಯವಾಗಿ ಉಂಡೆ ಸಾಗಿಸುವ ಏರ್ಪಾಡು ಬಹಳ ಚೆಂದ. ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪಿದೆ. ಉಂಡೆ ಕಂಡ ಕೂಡಲೇ ಅವು ಅದರ ಮೇಲೆ ಹತ್ತಿ ಗುರುತು ಮಾಡುತ್ತವೆ. ಕೆಂಪು ರಕ್ತಕಣಗಳ ಮೈಮೇಲೆ ಈ ಗುರುತನ್ನು ಹಿಡಿಯುವ ಕೊಕ್ಕೆಗಳಿವೆ. ಕೆಂಪು ಕಣ ಆಮ್ಲಜನಕ ಹೊರುವುದು ಎಲ್ಲರಿಗೂ ಗೊತ್ತು, ಕಸ ಹೊರುವುದು ಬಹಳ ಜನರಿಗೆ ಗೊತ್ತಿಲ್ಲ. ಅವು ಉಂಡೆಯನ್ನು ಬೆನ್ನಿಗೆ ಹಾಕಿಕೊಂಡು ಯಕೃತ್ತಿಗೂ ಗುಲ್ಮಕ್ಕೂ ಹೋಗುತ್ತವೆ. ಅಲ್ಲಿ ಮ್ಯಾಕ್ರೊಫೇಜ್ ಎಂಬ ನುಂಗುವ ಕೋಶಗಳು ಉಂಡೆಯನ್ನು ಕಿತ್ತುಕೊಳ್ಳುತ್ತವೆ. ಕೆಂಪು ಕಣ ಹಗುರಾಗಿ ಮತ್ತೆ ಕೆಲಸಕ್ಕೆ ಹೊರಡುತ್ತದೆ. ನಾವು ಈ ಸಾಲು ಓದುವಾಗಲೂ ಇದು ನಡೆಯುತ್ತಲೇ ಇದೆ.

ಅಂದರೆ ಉಂಡೆಯಾಗುವುದೇ ಕಾಯಿಲೆ ಅಲ್ಲ. ಪ್ರತಿ ನೆಗಡಿಯಲ್ಲೂ ಉಂಡೆಗಳಾಗುತ್ತವೆ. ಕ್ರಿಮಿ ಹೋಯಿತು, ಚೂರು ಬರುವುದು ನಿಂತಿತು, ಉಂಡೆಯೂ ಮುಗಿಯಿತು. ಚೂರು ಬರುವುದು ನಿಲ್ಲದಿದ್ದರೆ ಅಥವಾ ಉಂಡೆ ಹೋಗಬಾರದ ಜಾಗದಲ್ಲಿ ಕೂತರೆ ತೊಂದರೆ ಶುರುವಾಗುತ್ತದೆ.

ಇದನ್ನು ಮೊದಲು ಸರಿಯಾಗಿ ಊಹಿಸಿದವರು ವಿಯೆನ್ನಾದ ಮಕ್ಕಳ ಡಾಕ್ಟರ್ ಕ್ಲೆಮೆನ್ಸ್ ಫಾನ್ ಪಿರ್ಕೆ. ಆಗ ಡಿಫ್ತೀರಿಯಾ ಬಂದ ಮಕ್ಕಳಿಗೆ ಕುದುರೆಯ ರಕ್ತದಿಂದ ತೆಗೆದ ಸೀರಮ್ ಚುಚ್ಚುತ್ತಿದ್ದರು. ಅದರಿಂದ ಎಷ್ಟೋ ಮಕ್ಕಳು ಬದುಕಿದರು. ಆದರೆ ಚುಚ್ಚಿ ಎಂಟು ಹತ್ತು ದಿನಗಳಾದ ಮೇಲೆ ಕೆಲವರಿಗೆ ಜ್ವರ, ಮೈತುಂಬ ದದ್ದು, ಕೀಲು ಊತ ಬರುತ್ತಿತ್ತು. ಅದೇ ಮಗುವಿಗೆ ಇನ್ನೊಂದು ಸಲ ಸೀರಮ್ ಕೊಟ್ಟರೆ ಈ ತೊಂದರೆ ಇನ್ನೂ ಬೇಗ ಬರುತ್ತಿತ್ತು. ಪಿರ್ಕೆ ದಿನಗಳನ್ನು ಎಣಿಸಿದರು. ಪ್ರತಿಕಾಯ ತಯಾರಾಗಲು ಬೇಕಾದಷ್ಟೇ ದಿನ! ಕುದುರೆಯ ಪ್ರೋಟೀನೂ ಮಗುವಿನ ಪ್ರತಿಕಾಯವೂ ಸೇರಿದಾಗಲೇ ಕಾಯಿಲೆ ಹುಟ್ಟುತ್ತದೆ ಎಂದು ಅವರು ತಿಳಿದರು. ಬೇಲಾ ಶಿಕ್ ಅವರ ಜೊತೆ 1905ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಕಾಪಾಡಲು ಬಂದ ಪ್ರತಿಕಾಯದಿಂದಲೇ ಕಾಯಿಲೆ ಅನ್ನುವುದನ್ನು ಒಪ್ಪಲು ಆ ಕಾಲದವರಿಗೆ ಕಷ್ಟವಾಗಿತ್ತು. ಇವತ್ತಿಗೂ ಅದು ಸುಲಭವಾಗಿ ಮನಸ್ಸಿಗೆ ಇಳಿಯುವ ಮಾತಲ್ಲ, ಅಲ್ವಾ?

ಮೂಳೆಯಲ್ಲಿ ಯಾಕೆ ನಿಲ್ಲುವುದಿಲ್ಲ

ಸ್ಟ್ಯಾಫ್ ಮೂಳೆಯೊಳಗೆ ಮೂರು ಕಡೆ ಅಡಗುತ್ತದೆ.

ಒಂದು, ಲೋಳೆಯೊಳಗೆ. ನೀರಿನ ತೊಟ್ಟಿಯ ಒಳಗೋಡೆಗೆ ಕೈ ಹಾಕಿದರೆ ಜಾರುತ್ತದಲ್ಲ, ಅಂಥದ್ದೇ ಪದರ. ಬಯೋಫಿಲ್ಮ್ ಅನ್ನುತ್ತಾರೆ. ಸತ್ತ ಮೂಳೆಯ ಮೇಲೆ, ರಾಡಿನ ಮೇಲೆ ಸ್ಟ್ಯಾಫ್ ಇದನ್ನು ಹರಡಿಕೊಂಡು ಒಳಗೆ ನಿಧಾನವಾಗಿ ಬದುಕುತ್ತದೆ. ಔಷಧಿಗಳು ಬಹುಪಾಲು ಚುರುಕಾಗಿ ಬೆಳೆಯುವ ಕ್ರಿಮಿಯನ್ನು ಕೊಲ್ಲುತ್ತವೆ. ಮಲಗಿದ ಕ್ರಿಮಿ ತಪ್ಪಿಸಿಕೊಳ್ಳುತ್ತದೆ.

ಇನ್ನೊಂದು, ಜೀವಕೋಶಗಳ ಒಳಗೇ. ಮೂಳೆ ಕಟ್ಟುವ ಕೋಶ, ಮೂಳೆ ಅಗೆಯುವ ಕೋಶ, ಎರಡರೊಳಗೂ ಅದು ಬದುಕಿದ್ದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ.

ಮೂರನೆಯದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ಗಟ್ಟಿ ಮೂಳೆಯೊಳಗೆ ಕೂದಲಿಗಿಂತ ಎಷ್ಟೋ ಸಣ್ಣ ಕಾಲುವೆಗಳಿವೆ. ಅವು ಸ್ಟ್ಯಾಫ್ ಕಣದ ಅರ್ಧದಷ್ಟೂ ಅಗಲವಿಲ್ಲ. ಅಲ್ಲಿಗೆ ಬ್ಯಾಕ್ಟೀರಿಯಾ ಹೋಗಲಾರದು ಎಂದೇ ಎಲ್ಲರೂ ಅಂದುಕೊಂಡಿದ್ದರು. ಅಮೆರಿಕದ ರೊಚೆಸ್ಟರ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ಪ್ರಕಟಿಸಿತು. ದುಂಡಗಿನ ಸ್ಟ್ಯಾಫ್ ತನ್ನ ಮೈಯನ್ನು ಹಿಸುಕಿ ಉದ್ದ ಮಾಡಿಕೊಂಡು, ಸಾಲಾಗಿ ಆ ಕಾಲುವೆಗಳೊಳಗೆ ನುಗ್ಗಿತ್ತು. ನುಂಗುವ ಕೋಶಗಳು ದಪ್ಪ, ಅವು ಅಲ್ಲಿಗೆ ಹೋಗಲಾರವು. ಹತ್ತಾರು ವರ್ಷ ಒಣಗಿದ್ದ ಮೂಳೆಯ ಹುಣ್ಣು ಮತ್ತೆ ಬಾಯಿಬಿಡುವುದು ಯಾಕೆ ಎಂಬುದಕ್ಕೆ ಇದು ಒಳ್ಳೆಯ ವಿವರಣೆ.

ಹೀಗೆ ಅಡಗಿದ ಕ್ರಿಮಿ ತನ್ನ ಚೂರುಗಳನ್ನು ಹೊರಗೆ ಬಿಡುತ್ತಲೇ ಇರುತ್ತದೆ. ದೇಹ ಪ್ರತಿಕಾಯ ಮಾಡುತ್ತಲೇ ಇರುತ್ತದೆ. ಉಂಡೆ ಕಟ್ಟುವ ಕೆಲಸ ವರ್ಷಗಟ್ಟಲೆ ನಿಲ್ಲುವುದೇ ಇಲ್ಲ.

ಸ್ಟ್ಯಾಫ್ ಇನ್ನೊಂದು ಉಪಾಯ ಇಟ್ಟುಕೊಂಡಿದೆ. ಅದರ ಮೈಮೇಲೆ ಪ್ರೋಟೀನ್ ಎ ಎಂಬ ವಸ್ತುವಿದೆ. ಅದು ಪ್ರತಿಕಾಯದ ಕವಲನ್ನು ಬಿಟ್ಟು ಹಿಡಿಯನ್ನೇ ಹಿಡಿದುಕೊಳ್ಳುತ್ತದೆ. 1966ರಲ್ಲಿ ಸ್ವೀಡನ್ನಿನ ಫೋರ್ಸ್‌ಗ್ರೆನ್ ಮತ್ತು ಶೋಕ್ವಿಸ್ಟ್ ಇದನ್ನು ತೋರಿಸಿದರು. ಅಂದರೆ ಕವೆಗೋಲು ತಲೆಕೆಳಗಾಗಿ ನೆಟ್ಟುಕೊಳ್ಳುತ್ತದೆ. ನುಂಗುವ ಕೋಶ ಹುಡುಕುವುದು ಹಿಡಿಯನ್ನು. ಹಿಡಿ ಕಾಣದಿದ್ದರೆ ಅದು ಕ್ರಿಮಿಯನ್ನು ಗುರುತಿಸುವುದು ಕಷ್ಟ. ಇದೇ ಪ್ರೋಟೀನ್ ಎಯನ್ನು ಔಷಧಿ ಕಾರ್ಖಾನೆಗಳು ಪ್ರತಿಕಾಯಗಳನ್ನು ಸೋಸಲು ಬಳಸುತ್ತವೆ. ಕ್ಯಾನ್ಸರಿಗೂ ಸಂಧಿವಾತಕ್ಕೂ ಕೊಡುವ ಎಷ್ಟೋ ದುಬಾರಿ ಇಂಜೆಕ್ಷನ್ನುಗಳು ಸ್ಟ್ಯಾಫಿನ ಈ ಉಪಾಯದಿಂದಲೇ ಶುದ್ಧವಾಗಿ ಬರುತ್ತವೆ.

ಮ್ಯಾಕ್ರೊಫೇಜಿನ ದಾಯಾದಿ

ಸರ್ಜನ್ ಹೇಳಿದ ಮಾತಿಗೆ ಈಗ ಬರುತ್ತೇನೆ. ಮೂಳೆ ತಿನ್ನುವ ನಮ್ಮದೇ ಜೀವಕೋಶ ಯಾವುದು?

ಅದರ ಹೆಸರು ಆಸ್ಟಿಯೊಕ್ಲಾಸ್ಟ್. ಅದು ಕೆಟ್ಟದ್ದೇನೂ ಅಲ್ಲ. ಮೂಳೆ ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ. ಹಳೆಯದನ್ನು ಅಗೆದು ಹೊಸದನ್ನು ತುಂಬುವ ಕೆಲಸ ಸಾಯುವವರೆಗೂ ನಡೆಯುತ್ತದೆ. ದೊಡ್ಡವರ ಅಸ್ಥಿಪಂಜರದ ಸುಮಾರು 10% ಪಾಲು ಪ್ರತಿ ವರ್ಷ ಹೊಸದಾಗುತ್ತದೆ. ಅಗೆಯುವುದು ಆಸ್ಟಿಯೊಕ್ಲಾಸ್ಟ್, ತುಂಬುವುದು ಆಸ್ಟಿಯೊಬ್ಲಾಸ್ಟ್. ಅಗೆಯುವ ಕೋಶದ ಕೆಲಸ ನೋಡಬೇಕು. ಅದು ಮೂಳೆಗೆ ಕವುಚಿ ಕೂತು, ಅಂಚನ್ನು ಬಿಗಿಯಾಗಿ ಅಂಟಿಸಿಕೊಳ್ಳುತ್ತದೆ, ಬಟ್ಟಲನ್ನು ಬೋರಲು ಹಾಕಿದ ಹಾಗೆ. ಆ ಮುಚ್ಚಿದ ಜಾಗಕ್ಕೆ ಆಮ್ಲ ಸುರಿಯುತ್ತದೆ. ಸುಣ್ಣದ ಅಂಶ ಕರಗುತ್ತದೆ. ಉಳಿದ ನಾರನ್ನು ಕಿಣ್ವಗಳು ಜೀರ್ಣ ಮಾಡುತ್ತವೆ. ಕೋಶ ಎದ್ದು ಹೋದಾಗ ಅಲ್ಲೊಂದು ಕುಳಿ ಉಳಿಯುತ್ತದೆ. ಟ್ರೇಯಲ್ಲಿದ್ದ ಚೂರಿನ ಅಂಚಿನಲ್ಲಿ ಕಂಡದ್ದು ಇಂಥ ಸಾವಿರಾರು ಕುಳಿಗಳು ಒಂದರ ಮೇಲೊಂದು ಬಿದ್ದ ಗುರುತು.

ಆಸ್ಟಿಯೊಕ್ಲಾಸ್ಟ್ ಎಲ್ಲಿಂದ ಹುಟ್ಟುತ್ತದೆ ಅನ್ನುವುದು ಈ ಕಥೆಯ ಗಂಟು. ಅದು ಮೂಳೆ ಕಟ್ಟುವವರ ವಂಶದ್ದಲ್ಲ. ರಕ್ತದಲ್ಲಿ ಓಡಾಡುವ ಮಾನೊಸೈಟ್ ಎಂಬ ಬಿಳಿ ಕಣದಿಂದ ಬಂದದ್ದು. ಅದೇ ಮಾನೊಸೈಟ್ ಬೇರೆ ಕಡೆ ಹೋದರೆ, ಕ್ರಿಮಿ ನುಂಗುವ ಮ್ಯಾಕ್ರೊಫೇಜ್ ಆಗುತ್ತದೆ. ಕ್ರಿಮಿ ನುಂಗುವವನೂ ಮೂಳೆ ಅಗೆಯುವವನೂ ದಾಯಾದಿಗಳು. ಮೂಳೆಯ ಹತ್ತಿರ ರಾಂಕ್-ಎಲ್ ಎಂಬ ಸಂದೇಶ ಸಿಕ್ಕಿದರೆ ಹಲವು ಮಾನೊಸೈಟುಗಳು ಒಂದಕ್ಕೊಂದು ಬೆಸೆದು, ಹಲವು ಕೇಂದ್ರಗಳಿರುವ ದೊಡ್ಡ ಅಗೆಯುವ ಕೋಶವಾಗುತ್ತವೆ.

ದಾಯಾದಿಗಳ ಮನೆಯಲ್ಲಿ ಪಾತ್ರೆ ಪಗಡಿ ಒಂದೇ ತರಹ ಇರುವಂತೆ, ಈ ಎರಡೂ ಕೋಶಗಳ ಮೈಮೇಲೆ ಪ್ರತಿಕಾಯದ ಹಿಡಿಯನ್ನು ಹಿಡಿಯುವ ಕೊಕ್ಕೆಗಳಿವೆ. ಎಫ್‌ಸಿ ರಿಸೆಪ್ಟರ್ ಎಂದು ಇವುಗಳ ಹೆಸರು. ಒಂಟಿ ಪ್ರತಿಕಾಯ ತಗುಲಿದರೆ ಇವು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಕ್ತದ ತುಂಬ ಒಂಟಿ ಪ್ರತಿಕಾಯಗಳೇ ಇರುವಾಗ ಪ್ರತಿಯೊಂದಕ್ಕೂ ಎದ್ದು ನಿಂತರೆ ಆಗುತ್ತದೆಯೇ? ಉಂಡೆಯಲ್ಲಿ ಹಿಡಿಗಳು ಒತ್ತೊತ್ತಾಗಿರುತ್ತವೆ. ಅವು ಹಲವು ಕೊಕ್ಕೆಗಳನ್ನು ಒಟ್ಟಿಗೆ ಎಳೆಯುತ್ತವೆ. ಕೊಕ್ಕೆಗಳು ಒಟ್ಟಾದಾಗ ಕೋಶದೊಳಗೆ ಗಂಟೆ ಬಾರಿಸಿದಂತಾಗುತ್ತದೆ. ಮ್ಯಾಕ್ರೊಫೇಜಿಗೆ ಆ ಗಂಟೆಯ ಅರ್ಥ ‘ನುಂಗು’. ಆಸ್ಟಿಯೊಕ್ಲಾಸ್ಟ್ ಆಗಲು ಹೊರಟ ಮಾನೊಸೈಟಿಗೆ ಅದೇ ಗಂಟೆಯ ಅರ್ಥ ‘ಬೇಗ ಬೆಳೆ, ಅಗೆ’ ಎಂದೂ ಆಗಬಹುದು.

ಇದು ಬರೀ ಊಹೆಯಲ್ಲ. 2004ರಲ್ಲಿ ಜಪಾನಿನ ಹಿರೋಶಿ ತಕಯನಗಿ ಮತ್ತು ಸಂಗಡಿಗರು ಇಂಥ ಕೊಕ್ಕೆಗಳ ಕೆಳಗೆ ಸಂದೇಶ ಒಯ್ಯುವ ಎರಡು ಪ್ರೋಟೀನುಗಳನ್ನು ಇಲಿಗಳಲ್ಲಿ ಇಲ್ಲವಾಗಿಸಿದರು. ಅವುಗಳಲ್ಲಿ ಒಂದು ಎಫ್‌ಸಿ ರಿಸೆಪ್ಟರಿನದೇ ಭಾಗ. ಆ ಇಲಿಗಳಲ್ಲಿ ಮೂಳೆ ಅಗೆಯುವವರೇ ಇಲ್ಲವಾದಂತಾಗಿ ಮೂಳೆಯ ಒಳಗಿನ ಟೊಳ್ಳು ಕಲ್ಲಿನಂತೆ ತುಂಬಿಕೊಂಡಿತು. ರೋಗನಿರೋಧಕ ವ್ಯವಸ್ಥೆಯದು ಎಂದುಕೊಂಡಿದ್ದ ಗಂಟೆ ಮೂಳೆಗೂ ಬೇಕಾಗಿತ್ತು.

2015ರಲ್ಲಿ ಜಪಾನಿನಿಂದಲೇ ಇನ್ನೊಂದು ಕೆಲಸ ಬಂತು. ಎಫ್‌ಸಿ ರಿಸೆಪ್ಟರುಗಳಲ್ಲಿ ಒಂದು ಮಾತ್ರ ಬ್ರೇಕಿನಂತೆ ಕೆಲಸ ಮಾಡುತ್ತದೆ. ಆ ಬ್ರೇಕ್ ಇಲ್ಲದ ಇಲಿಗಳಿಗೆ ಇಮ್ಯೂನ್ ಕಾಂಪ್ಲೆಕ್ಸ್ ಕೊಟ್ಟಾಗ ಅವುಗಳ ಮೂಳೆ ಕರಗಿತು. ಕ್ರಿಮಿ ಇಲ್ಲ, ಕೀವಿಲ್ಲ, ಬರೀ ಉಂಡೆ. ನನ್ನ ಮಟ್ಟಿಗೆ ಸರ್ಜನ್ ಮಾತಿಗೆ ಇದಕ್ಕಿಂತ ನೇರವಾದ ಪುರಾವೆ ಬೇಡ.

ಅದೇ ವರ್ಷ ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಗೇಯೊರ್ಗ್ ಶೆಟ್ ಅವರೂ ಜೊತೆಗಾರರೂ ಇನ್ನೊಂದು ಸೂಕ್ಷ್ಮವನ್ನು ಹಿಡಿದರು. ಪ್ರತಿಕಾಯದ ಹಿಡಿಗೆ ಒಂದು ಸಣ್ಣ ಸಕ್ಕರೆ ಸರಪಳಿ ತಗುಲಿಕೊಂಡಿರುತ್ತದೆ. ಸರಪಳಿಯ ತುದಿಯಲ್ಲಿ ಸಯಾಲಿಕ್ ಆಮ್ಲ ಇದ್ದರೆ ಉಂಡೆ ಸೌಮ್ಯ. ಇಲ್ಲದಿದ್ದರೆ ಆಸ್ಟಿಯೊಕ್ಲಾಸ್ಟುಗಳನ್ನು ಎಬ್ಬಿಸುತ್ತದೆ. ಅವರು ಇದನ್ನು ನೋಡಿದ್ದು ಸಂಧಿವಾತದ ರೋಗಿಗಳಲ್ಲಿ. ಸಂಧಿವಾತದಲ್ಲಿ ಕ್ರಿಮಿ ಇರುವುದಿಲ್ಲ, ಪ್ರತಿಕಾಯ ನಮ್ಮದೇ ಪ್ರೋಟೀನನ್ನು ಹಿಡಿದು ಉಂಡೆ ಕಟ್ಟುತ್ತದೆ. ಆದರೆ ಮೂಳೆಯ ಅಂಚು ಕರಗುವುದು ಇಲ್ಲೂ ಅಲ್ಲೂ ಆಸ್ಟಿಯೊಕ್ಲಾಸ್ಟಿನಿಂದಲೇ.

ಎಲ್ಲ ಪ್ರಯೋಗಗಳೂ ಒಂದೇ ಮಾತು ಹೇಳುವುದಿಲ್ಲ ಅನ್ನುವುದನ್ನೂ ಹೇಳಬೇಕು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಾನೊಸೈಟುಗಳ ಮೇಲೆ ಉಂಡೆ ಹಾಕಿದಾಗ ಕೆಲವು ತಂಡಗಳಿಗೆ ಉಲ್ಟಾ ಫಲಿತಾಂಶ ಬಂದಿದೆ. ಆಸ್ಟಿಯೊಕ್ಲಾಸ್ಟ್ ಆಗುವುದೇ ಕಡಿಮೆಯಾಯಿತು. ಇದನ್ನು ನಾನು ವಿರೋಧ ಎಂದು ನೋಡುವುದಿಲ್ಲ. ಮಾನೊಸೈಟ್ ಎರಡು ದಾರಿ ಕೂಡುವ ಜಾಗದಲ್ಲಿ ನಿಂತಿದೆ. ಇನ್ನೂ ದಾರಿ ಆರಿಸದ ಕೋಶಕ್ಕೆ ಉಂಡೆ ಸಿಕ್ಕಿದರೆ ಅದು ನುಂಗುವವನ ಕಡೆ ವಾಲಬಹುದು. ಆಗಲೇ ಅಗೆಯುವ ದಾರಿ ಹಿಡಿದಿದ್ದರೆ ಇನ್ನೂ ಜೋರಾಗಿ ಅಗೆಯಬಹುದು. ಯಾವ ಕೊಕ್ಕೆ ಎಷ್ಟಿದೆ, ಬ್ರೇಕ್ ಎಷ್ಟು ಬಲವಾಗಿದೆ, ಸಕ್ಕರೆಯ ತುದಿ ಹೇಗಿದೆ, ಸುತ್ತ ಉರಿಯೂತ ಎಷ್ಟಿದೆ, ಇವೆಲ್ಲ ಸೇರಿ ತೀರ್ಮಾನವಾಗುತ್ತದೆ. ಸೋಂಕು ತಗುಲಿದ ಮೂಳೆಯಲ್ಲಿ ಉರಿಯೂತವೂ ಜೋರು, ರಾಂಕ್-ಎಲ್ ಕೂಡ ಜಾಸ್ತಿ. ಉಂಡೆ ಮಾತ್ರವೇ ತಪ್ಪಿತಸ್ಥ ಅಂತಲೂ ಅಲ್ಲ. ಕ್ರಿಮಿಯ ವಿಷ ಮೂಳೆ ಕಟ್ಟುವ ಕೋಶಗಳನ್ನು ಕೊಲ್ಲುತ್ತದೆ, ಉರಿಯೂತದ ರಾಸಾಯನಿಕಗಳು ಅಗೆಯುವವರನ್ನು ಕರೆಯುತ್ತವೆ. ಉಂಡೆ ಅದರ ಮೇಲೆ ತುಪ್ಪ ಸುರಿಯುತ್ತದೆ.

ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳ ಪಾಡೂ ಇದರಲ್ಲಿ ಸೇರಿದೆ. ಕೀವು ಅಂದರೆ ಬಹುಪಾಲು ಇವುಗಳ ಹೆಣಗಳೇ. ತೇಲುವ ಉಂಡೆಯನ್ನು ನ್ಯೂಟ್ರೊಫಿಲ್ ನುಂಗಬಲ್ಲದು. ಆದರೆ ಉಂಡೆ ಮೂಳೆಗೋ ರಾಡಿಗೋ ಅಂಟಿ ಕೂತಿದ್ದರೆ? ಗೋಡೆಯನ್ನು ನುಂಗಲಾಗುತ್ತದೆಯೇ? ನುಂಗಲಾಗದೆ ಅದು ಹೊಟ್ಟೆಯೊಳಗಿನ ಕಿಣ್ವಗಳನ್ನೆಲ್ಲ ಹೊರಗೇ ಕಕ್ಕುತ್ತದೆ. ಸುತ್ತಲಿನ ಒಳ್ಳೆಯ ಅಂಗಾಂಶ ಸುಟ್ಟುಹೋಗುತ್ತದೆ.

ಕಾಲಿನ ಹುಣ್ಣು, ಮೂತ್ರದ ನೊರೆ

ಉಂಡೆಗಳು ಮೂಳೆಯಲ್ಲೇ ನಿಲ್ಲುವುದಿಲ್ಲ. ಸಣ್ಣ ಉಂಡೆಗಳು ರಕ್ತದ ಜೊತೆ ಹೊರಟು ಮೂತ್ರಪಿಂಡದ ಸೋಸುವ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲೂ ಕಾಂಪ್ಲಿಮೆಂಟ್ ಏಳುತ್ತದೆ, ನ್ಯೂಟ್ರೊಫಿಲ್ ಬರುತ್ತದೆ, ಜಾಲರಿ ಹರಿಯುತ್ತದೆ. ಹೀಗೆ ಆಗುತ್ತದೆಂದು ಅಮೆರಿಕದ ಫ್ರ್ಯಾಂಕ್ ಡಿಕ್ಸನ್ 1950–60ರ ದಶಕಗಳಲ್ಲಿ ಮೊಲಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ದೀರ್ಘಕಾಲದ ಸ್ಟ್ಯಾಫ್ ಸೋಂಕಿರುವ ಕೆಲವರಿಗೆ ಮೂತ್ರದಲ್ಲಿ ನೊರೆ, ಕಾಫಿ ಬಣ್ಣ, ಮುಖ ಮತ್ತು ಕಾಲಿನ ಊತ ಕಾಣಿಸಿಕೊಳ್ಳುವುದು ಇದರಿಂದ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಮೂತ್ರಪಿಂಡದ ಸಣ್ಣ ಚೂರು ತೆಗೆದು ನೋಡಿದರೆ ಅಲ್ಲಿ ಪ್ರತಿಕಾಯಗಳು ಕೂತಿರುವುದು ಕಾಣುತ್ತದೆ. ಸ್ಟ್ಯಾಫಿನಲ್ಲಿ ಎಷ್ಟೋ ಸಲ ಐಜಿಎ ಎಂಬ ಬಗೆಯ ಪ್ರತಿಕಾಯಗಳೇ ಎದ್ದು ಕಾಣುತ್ತವೆ.

ಕಾಲಿನ ಹುಣ್ಣಿಗೂ ಮೂತ್ರದ ನೊರೆಗೂ ಏನು ಸಂಬಂಧ ಎಂದು ಮನೆಯವರಿಗೆ ಹೊಳೆಯುವುದಿಲ್ಲ. ಒಬ್ಬರನ್ನು ಮೂಳೆ ಡಾಕ್ಟರಿಗೂ ಕಿಡ್ನಿ ಡಾಕ್ಟರಿಗೂ ಬೇರೆ ಬೇರೆಯಾಗಿ ತೋರಿಸುತ್ತೇವೆ. ಸಂಬಂಧ ಗೊತ್ತಾಗುವುದು ಮುಖ್ಯ. ಯಾಕೆಂದರೆ ಇಲ್ಲಿ ಮೂತ್ರಪಿಂಡಕ್ಕೆ ಮೊದಲ ಔಷಧಿ ಮೂಳೆಯ ಸೋಂಕನ್ನು ತೆಗೆಯುವುದೇ. ಉರಿಯೂತ ಅಂತ ಸ್ಟಿರಾಯ್ಡ್ ಕೊಟ್ಟರೆ ಮೂಳೆಯಲ್ಲಿ ಅಡಗಿದ ಕ್ರಿಮಿಗೆ ಹಬ್ಬ.

ಹಾಗಾದರೆ ಸೋಂಕಿಗೆ ಇನ್ನಷ್ಟು ಪ್ರತಿಕಾಯ ಕೊಟ್ಟರೆ? ಈ ಆಸೆಯಿಂದ ಸ್ಟ್ಯಾಫ್ ವಿರುದ್ಧ ಲಸಿಕೆ ಮಾಡಲು ಹಲವು ಸಲ ಪ್ರಯತ್ನಿಸಿದ್ದಾರೆ. ಮರ್ಕ್ ಕಂಪನಿಯ ವಿ710 ಲಸಿಕೆಯನ್ನು ಹೃದಯದ ಆಪರೇಷನ್ನಿಗೆ ಹೊರಟ ಸುಮಾರು 8,000 ಜನರಲ್ಲಿ ಪರೀಕ್ಷಿಸಿದರು. ಪ್ರತಿಕಾಯ ಚೆನ್ನಾಗಿಯೇ ಬಂತು, ಸೋಂಕು ಮಾತ್ರ ಕಡಿಮೆಯಾಗಲಿಲ್ಲ. ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಸಿಕೆ ಪಡೆದವರಿಗೆ ಸ್ಟ್ಯಾಫ್ ಸೋಂಕು ಬಂದಾಗ ಸತ್ತವರ ಪ್ರಮಾಣ, ಲಸಿಕೆ ಪಡೆಯದೆ ಸೋಂಕು ಬಂದವರಿಗಿಂತ ಹೆಚ್ಚಾಗಿತ್ತು. ಆ ಲಸಿಕೆ ಗುರಿಯಿಟ್ಟಿದ್ದು ಸ್ಟ್ಯಾಫಿನ ಐಎಸ್‌ಡಿಬಿ ಎಂಬ ಪ್ರೋಟೀನಿಗೆ. ಮುಂದೆ ರೊಚೆಸ್ಟರಿನ ಎಡ್ವರ್ಡ್ ಶ್ವಾರ್ಜ್ ಅವರ ತಂಡ ಮೂಳೆ ಸೋಂಕಿನ ರೋಗಿಗಳ ರಕ್ತದಲ್ಲಿ ಇದರ ವಿರುದ್ಧದ ಪ್ರತಿಕಾಯ ಎಷ್ಟಿದೆ ಎಂದು ನೋಡಿತು. ಈ ಗುರುತಿನ ವಿರುದ್ಧ ಪ್ರತಿಕಾಯ ಜಾಸ್ತಿ ಇದ್ದವರ ಪರಿಸ್ಥಿತಿ ಕೆಡುವ ಸಾಧ್ಯತೆ ಹೆಚ್ಚು ಕಂಡಿತು. ಸ್ಟ್ಯಾಫಿನ ಇನ್ನೊಂದು ಪ್ರೋಟೀನಿನ ವಿರುದ್ಧದ ಪ್ರತಿಕಾಯ ಮಾತ್ರ ಒಳ್ಳೆಯದು ಮಾಡುವಂತೆ ಕಂಡಿತು. ಎಷ್ಟು ಪ್ರತಿಕಾಯ ಅನ್ನುವುದಕ್ಕಿಂತ ಯಾವ ಗುರುತನ್ನು ಹಿಡಿದ ಪ್ರತಿಕಾಯ ಅನ್ನುವುದು ದೊಡ್ಡ ಮಾತು. ಮನೆಯಲ್ಲಿ ಯಾರಿಗಾದರೂ ಮೂಳೆ ಸೋಂಕಾದಾಗ ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ ಕಷಾಯಗಳಿಗೆ ದುಡ್ಡು ಸುರಿಯುವವರಿಗೆ ಇದನ್ನು ಕೈಹಿಡಿದು ಹೇಳಬೇಕು ಅನ್ನಿಸುತ್ತದೆ. ಇಲ್ಲಿ ದೇಹ ಹೋರಾಡದೆ ಕೂತಿಲ್ಲ. ಹೋರಾಡಿ ಹೋರಾಡಿಯೇ ಮೂಳೆ ಸವೆದಿದೆ.

ಉಂಡೆ ಕಟ್ಟುವುದನ್ನು ನಿಲ್ಲಿಸಲು ಪುರಿಯನ್ನೇ ತೆಗೆಯಬೇಕು. ಸತ್ತ ಮೂಳೆ, ಲೋಳೆ ಹಿಡಿದ ರಾಡು, ಕೀವಿನ ಗೂಡು, ಎಲ್ಲವನ್ನೂ. ಅದಕ್ಕೇ ಮೂಳೆ ಸೋಂಕು ಹಳೆಯದಾದರೆ ಮಾತ್ರೆಯೊಂದರಿಂದಲೇ ವಾಸಿಯಾಗುವುದು ಅಪರೂಪ, ಸರ್ಜನ್ನಿನ ಕೈ ಬೇಕಾಗುತ್ತದೆ. ಯಾವ ಕ್ರಿಮಿ ಎಂದು ತಿಳಿಯಲು ತೂತಿನ ಬಾಯಿಯಿಂದ ಒರೆಸಿದ ಹತ್ತಿ ಸಾಲದು, ಅಲ್ಲಿ ಚರ್ಮದ ಹತ್ತೆಂಟು ಕ್ರಿಮಿಗಳು ಸೇರಿಕೊಂಡಿರುತ್ತವೆ. ಒಳಗಿನ ಮೂಳೆಯ ಚೂರನ್ನೇ ಕಲ್ಚರಿಗೆ ಕಳಿಸಬೇಕು. ಆಮೇಲೆ ಸಾಮಾನ್ಯವಾಗಿ 6 ವಾರ ಆಂಟಿಬಯೋಟಿಕ್. ಅದು ರಕ್ತನಾಳಕ್ಕೇ ಹೋಗಬೇಕು ಎಂದು ಬಹಳ ವರ್ಷ ನಂಬಿದ್ದರು. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಓವಿವಾ ಪರೀಕ್ಷೆಯಲ್ಲಿ, ಸರಿಯಾಗಿ ಆರಿಸಿದ ಮಾತ್ರೆಗಳೂ ಡ್ರಿಪ್ಪಿನಷ್ಟೇ ಕೆಲಸ ಮಾಡಿದವು. ಆರು ವಾರ ಆಸ್ಪತ್ರೆಯ ಮಂಚ ಹಿಡಿಯಲಾಗದ ಕೂಲಿಯವರಿಗೆ, ರೈತರಿಗೆ ಇದು ದೊಡ್ಡ ಸಮಾಧಾನ.

ಹೊಸ ಸೋಂಕಾದರೆ ಬೇಗ ಹಿಡಿಯುವುದೇ ಎಲ್ಲಕ್ಕಿಂತ ಮುಖ್ಯ. ಜ್ವರದ ಜೊತೆ ಮಗು ಕಾಲೂರಲು ಒಪ್ಪದಿದ್ದರೆ ಉಳುಕಿರಬೇಕು ಎಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ. ಎಕ್ಸ್‌ರೇ ನಾರ್ಮಲ್ ಬಂತು ಅಂತಲೂ ಸುಮ್ಮನಾಗಬೇಡಿ. ಮೂಳೆಯ ಸುಣ್ಣದ ಅಂಶ ಮೂರನೇ ಒಂದು ಪಾಲಿನಷ್ಟಾದರೂ ಕರಗದೆ ಎಕ್ಸ್‌ರೇಯಲ್ಲಿ ಕಾಣುವುದು ಕಷ್ಟ. ಅಷ್ಟು ಹೊತ್ತಿಗೆ ಸುಮಾರು ಎರಡು ವಾರ ಕಳೆದಿರುತ್ತದೆ. ಎಂಆರ್‌ಐ ಬೇಗ ಹೇಳುತ್ತದೆ. ಈಗಾಗಲೇ ಹಳೆಯ ಸೋಂಕು ಇರುವವರು ಆಗಾಗ ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿಕೊಳ್ಳಲಿ. ಕಡಿಮೆ ಖರ್ಚಿನದು, ಯಾವ ಲ್ಯಾಬಿನಲ್ಲೂ ಆಗುತ್ತದೆ.

ಚಿಕ್ಕಪ್ಪನ ಹಳೆಯ ರಾಡನ್ನು ತೆಗೆದು, ಸತ್ತ ಮೂಳೆ ಕೆರೆದು, ಅಲ್ಲಾದ ಗುಳಿಯೊಳಗೆ ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ಗುಂಡುಗಳನ್ನು ಪೋಣಿಸಿದ ಸರ ಇಟ್ಟಿದ್ದರು. ಎರಡು ತಿಂಗಳ ನಂತರ ಅದನ್ನು ತೆಗೆದು ಸೊಂಟದ ಮೂಳೆಯಿಂದ ಸ್ವಲ್ಪ ತಂದು ತುಂಬಿದರು. ತೂತು ಮುಚ್ಚಿ ಈಗ ಮೂರು ವರ್ಷ. ಹೋದ ತಿಂಗಳು ಎಕ್ಸ್‌ರೇ ತೆಗೆಸಿದಾಗ ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಗುಳಿಯಿದ್ದ ಜಾಗದಲ್ಲಿ ಮಬ್ಬು ಬಿಳಿ ತುಂಬಿಕೊಂಡಿತ್ತು. ಅಂಚಿನ ಕುಳಿಗಳು ಕಾಣಲಿಲ್ಲ. ಚಿಕ್ಕಮ್ಮ ಪಟ್ಟಿ ಕಟ್ಟುತ್ತಿದ್ದ ಬಟ್ಟೆಯ ಸುರುಳಿಗಳು ಮಾತ್ರ ಇನ್ನೂ ಅಟ್ಟದ ಮೇಲಿನ ಡಬ್ಬಿಯಲ್ಲಿವೆ.